ನುಡಿಯಮ್ಮ ಗುಡ್ಡಕ್ಕೆ ಬಂದ ಕಥೆ

ಹಿರಣ್ಯವೇಣಿ ನದಿಯ ಎಡದಂಡೆಯಲ್ಲಿ, ಕರಿಬಂಡೆಗಳ ಗುಡ್ಡದ ಮೇಲೆ ಭಕ್ತವತ್ಸಲೆಯಾಗಿ ನೆಲೆಸಿರುವ ಶ್ರೀ ನುಡಿಯಮ್ಮ ದೇವಿಯ ಸನ್ನಿಧಿಗೆ ಬಂದಿರುವ ಯಾತ್ರಿಕರೇ, ತಾಯಿಯು ಈ ಕಲ್ಲಿಗೆ ಇಳಿದುಬಂದ ವೃತ್ತಾಂತವನ್ನು ಕೊಳದ ನೀರು ಕುಡಿದು, ದಣಿವಾರಿಸಿಕೊಂಡು, ಸಾವಧಾನದಿಂದ ಓದುವುದು.

ಅರಸರ ಹೆಸರುಗಳು ಯಾರಿಗೂ ನೆನಪಿಲ್ಲದಷ್ಟು ಹಿಂದಿನ ಕಾಲದಲ್ಲಿ ಈ ಗುಡ್ಡದ ಗುಹೆಯಲ್ಲಿ ಸುಶ್ರವನೆಂಬ ಮುನಿಯು ಮೌನವ್ರತಧಾರಿಯಾಗಿ ತಪಸ್ಸನ್ನಾಚರಿಸುತ್ತಿದ್ದನು. ಅವನ ಕೊರಳಿನಿಂದ ಒಂದು ಶಬ್ದವೂ ಹೊರಡದೆ ಎಷ್ಟೋ ವರ್ಷಗಳು ಸಂದಿದ್ದವು. ಅದೇ ಗುಡ್ಡದ ಇಳಿಜಾರಿನಲ್ಲಿ ಮೇಕೆಗಳನ್ನು ಮೇಯಿಸುತ್ತಿದ್ದ ಬೊಮ್ಮಕ್ಕನೆಂಬ ವಿಧವೆಯಾದರೋ ಮೌನವೆಂಬುದನ್ನು ಅರಿತವಳೇ ಅಲ್ಲ. ಮುನಿಗೆ ಹಾಲು ತಂದಿಟ್ಟು, ಯಾರ ಸೊಸೆ ಬಸುರಿ, ಯಾರ ಎತ್ತು ಕಳೆದಿದೆ, ಯಾರ ಮನೆಯ ಸಾರಿಗೆ ಉಪ್ಪು ಹೆಚ್ಚಾಯಿತು ಎಂಬುದೆಲ್ಲವನ್ನೂ ವರದಿ ಮಾಡದೆ ಅವಳು ಹೊರಟವಳಲ್ಲ. ಮುನಿಯು ಕಣ್ಣು ಮುಚ್ಚಿಯೇ ಕುಳಿತಿರುತ್ತಿದ್ದನು. ಆದರೆ ಅವಳು ಬಾರದ ದಿನ ಅವನ ಧ್ಯಾನವು ಸರಿಯಾಗಿ ನಿಲ್ಲುತ್ತಿರಲಿಲ್ಲವೆಂದು ಹಿರಿಯರು ಹೇಳುತ್ತಾರೆ.

ಒಂದು ಆಷಾಢದ ಬೆಳಿಗ್ಗೆ ಸುಶ್ರವನ ಒಳಗಣ್ಣಿಗೆ ಘೋರದೃಶ್ಯವೊಂದು ಗೋಚರಿಸಿತು. ದೂರದ ಕಣಿವೆಯಲ್ಲಿ ಬೆಟ್ಟದ ಪಾರ್ಶ್ವವು ಕುಸಿದು ನದಿಗೆ ಅಡ್ಡಬಿದ್ದಿತ್ತು. ಅದರ ಹಿಂದೆ ನೀರು ಸಮುದ್ರದಂತೆ ಏರುತ್ತಿತ್ತು. ಆ ಮಣ್ಣಿನ ಒಡ್ಡು ಸಂಜೆಯವರೆಗೆ ನಿಲ್ಲುವಂತಿರಲಿಲ್ಲ. ಬಾಯಿ ತೆರೆದರೆ ಜನ್ಮದ ತಪಸ್ಸು ನಷ್ಟ. ತೆರೆಯದಿದ್ದರೆ ದಂಡೆಯ ಊರುಗಳೇ ನಷ್ಟ. ಹಾಲಿನ ಗಡಿಗೆ ಹಿಡಿದು ಬಂದ ಬೊಮ್ಮಕ್ಕನ ಮುಖವನ್ನು ನೋಡಿ ಮುನಿಯು ವ್ರತವನ್ನು ಮುರಿದನು. ಬಳಕೆ ತಪ್ಪಿದ ಆ ದನಿ ಪಿಸುಮಾತಿಗಿಂತ ದೊಡ್ಡದಾಗಲಿಲ್ಲ.

“ತಾಯೀ, ಹೊಳೆ ಉಕ್ಕಿ ಬರುತ್ತದೆ. ಹೊತ್ತು ಮುಳುಗುವುದರೊಳಗೆ ಎಲ್ಲರನ್ನೂ ಗುಡ್ಡಕ್ಕೆ ಕರೆ.”

ಕಲ್ಲೇ ಮಾತನಾಡಿದಂತಾಗಿ ಬೊಮ್ಮಕ್ಕ ಗಡಿಗೆಯನ್ನು ಅಲ್ಲೇ ಬಿಟ್ಟು ಓಡಿದಳು. ಕಡವಿನಲ್ಲಿ ಬಟ್ಟೆ ಒಗೆಯುತ್ತಿದ್ದ ಮಡಿವಾಳರ ಮುದ್ದವ್ವನಿಗೆ, “ಮುದ್ದಕ್ಕಾ, ಹೊಳೆಯಮ್ಮ ಉಕ್ಕಿ ಬರ್ತಾಳಂತೆ! ಹೊತ್ತು ಮುಳುಗೋದ್ರೊಳಗೆ ಮಕ್ಕಳು ಮರೀನ ಕರ್ಕೊಂಡು ಗುಡ್ಡ ಹತ್ತಬೇಕಂತೆ, ಸ್ವಾಮಿಗಳೇ ಬಾಯಿಬಿಟ್ಟು ಹೇಳಿದ್ರು!” ಎಂದಳು. ಮುದ್ದವ್ವ ಒದ್ದೆ ಸೀರೆಯನ್ನು ಬಂಡೆಯ ಮೇಲೆ ಬಿಟ್ಟು ಆಚೆದಡದವರಿಗೆ ಕೂಗಿ ಹೇಳಿದಳು. ಆಷಾಢದ ಗಾಳಿಯು ಅದರಲ್ಲಿ ‘ಹೊಳೆ’ಯನ್ನೂ ‘ಉಕ್ಕಿ’ಯನ್ನೂ ಹಾರಿಸಿಕೊಂಡು ಹೋಯಿತು. ಆಚೆದಡದ ಕುಂಬಾರನಿಗೆ ಕೇಳಿಸಿದ್ದು, ಅಮ್ಮ ಬರುತ್ತಾಳೆ, ಹೊತ್ತು ಮುಳುಗುವುದರೊಳಗೆ ಮಕ್ಕಳು ಮರಿಗಳೊಂದಿಗೆ ಗುಡ್ಡ ಹತ್ತಬೇಕು, ಎಂಬಷ್ಟೇ. ಅವನು ಗಾಣದವನಿಗೆ ಹೇಳಿದನು. ಗಾಣದವನ ಹೆಂಡತಿ ತವರಿನ ಕಡೆಯವರಿಗೆ ಹೇಳುವಾಗ, ಅಮ್ಮ ಬರುವಳೆಂದ ಮೇಲೆ ಬರಿಗೈಯಲ್ಲಿ ಹೋಗಲಾದೀತೇ ಎಂದು ಹೂವು ಹಣ್ಣುಗಳನ್ನು ತಾನೇ ಸೇರಿಸಿದಳು. ಹೀಗೆ ಬಾಯಿಂದ ಬಾಯಿಗೆ ಬೆಳೆದ ಸುದ್ದಿಯು ಕಟ್ಟಕಡೆಯ ಊರಾದ ತಗ್ಗಿನಕೊಪ್ಪವನ್ನು ಮುಟ್ಟುವ ವೇಳೆಗೆ, ಸಾಕ್ಷಾತ್ ಜಗನ್ಮಾತೆಯು ಸಂಜೆ ಗುಡ್ಡದ ಮೇಲೆ ಪ್ರತ್ಯಕ್ಷಳಾಗಿ ಮಕ್ಕಳು ಮರಿಗಳೊಂದಿಗೆ ಬಂದವರ ಮಡಿಲು ತುಂಬುವಳೆಂದಾಗಿತ್ತು.

ತಗ್ಗಿನಕೊಪ್ಪದ ಯಜಮಾನ ಹಾಲಗೌಡನು ಹಟಮಾರಿ. ಹಿಂದೊಮ್ಮೆ ನೆರೆಯ ಭಯದಿಂದ ಊರು ಬಿಟ್ಟವರನ್ನು ಅವನು ವರ್ಷವಿಡೀ ಹಂಗಿಸಿದ್ದನು. ನೀರು ಬರುತ್ತದೆಂದಿದ್ದರೆ ಜಗಲಿಯಿಂದ ಏಳುತ್ತಲೇ ಇರಲಿಲ್ಲ. ಅಮ್ಮ ಬರುತ್ತಾಳೆಂದಾಗ ಮಾತ್ರ ಪೆಟ್ಟಿಗೆಯಿಂದ ರೇಷ್ಮೆ ಪಂಚೆ ತೆಗೆದನು.

ಅಪರಾಹ್ನದಲ್ಲಿ ಬೊಮ್ಮಕ್ಕ ಗುಡ್ಡದ ಮೇಲಿನಿಂದ ನೋಡಿದರೆ, ಅಳುತ್ತ ಓಡಿಬರುವವರ ಬದಲು, ನೀರು ತಗ್ಗಿದ್ದ ಕಡವನ್ನು ದಾಟಿ ಬರುತ್ತಿರುವ ಅರಿಸಿನ ಹಚ್ಚಿಕೊಂಡ ಹೆಂಗಸರು, ತಮಟೆ, ಬುತ್ತಿಯ ಗಂಟುಗಳು, ಸಿಂಗರಿಸಿದ ಹಸುಗಳು! ಮೊಮ್ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಎಲ್ಲರಿಗಿಂತ ಮುಂದೆ ಬಂದ ಹಾಲಗೌಡ ಏದುಸಿರು ಬಿಡುತ್ತ ಕೇಳಿದನು:

“ಏನಮ್ಮಾ ಬೊಮ್ಮಕ್ಕಾ, ಅಮ್ಮ ಬರೋದು ದಿಟಾನಾ? ಸುಳ್ಳಾದ್ರೆ ಹೇಳ್ಬಿಡು, ಹಿಂಗೇ ವಾಪಸ್ ಹೋಗ್ತೀವಿ.”

ಬೊಮ್ಮಕ್ಕನಿಗೆ ಎಲ್ಲವೂ ಅರ್ಥವಾಯಿತು. ಇದ್ದುದನ್ನು ಇದ್ದಂತೆ ಹೇಳಲು ಬಾಯಿ ತೆರೆದಳು. ಗೌಡನ ಹೆಗಲ ಮೇಲಿನ ಕೂಸು ಅಜ್ಜನ ರುಮಾಲು ಹಿಡಿದು ನಗುತ್ತಿತ್ತು. ಹೊಟ್ಟೆಯಲ್ಲಿ ಮಾತು ಉಳಿಯದ ಆ ಹೆಂಗಸು ಹುಟ್ಟಿದಂದಿನಿಂದ ಮೊದಲ ಬಾರಿಗೆ ಒಂದು ಮಾತನ್ನು ನುಂಗಿದಳು.

“ದಿಟ ಗೌಡ್ರೇ. ಬರ್ತಾಳೆ. ಇನ್ನೂ ಮೇಲಕ್ಕೆ ಹತ್ತಿ.”

ಕೊನೆಯ ಮುದುಕಿಯನ್ನು ಬಂಡೆಯ ಮೇಲಕ್ಕೆ ಎತ್ತಿಕೊಳ್ಳುವಷ್ಟರಲ್ಲಿ ಕಣಿವೆಯ ಕಡೆಯಿಂದ ಗುಡುಗಿನಂಥ ಸದ್ದು ಬಂತು. ಒಡ್ಡನ್ನೊಡೆದ ಹಿರಣ್ಯವೇಣಿಯು ಮರಗಳನ್ನು ಬೇರುಸಹಿತ ಹೊತ್ತು ತಂದು, ನೋಡನೋಡುತ್ತಿರುವಂತೆಯೇ ಊರುಗಳ ಮೇಲೆ ಹರಿದುಹೋದಳು. ತಮಟೆಯವನ ಕೈ ನಿಂತುಹೋಯಿತು. ತಗ್ಗಿನಕೊಪ್ಪದ ಮನೆಗಳಲ್ಲಿ ಒಂದರ ಸೂರೂ ಕಾಣಿಸಲಿಲ್ಲ. ಅತ್ತು ಅತ್ತು ಸೋತ ಮೇಲೆ ಜನರು ಒಬ್ಬರನ್ನೊಬ್ಬರು ಎಣಿಸಿದರು, ಯಾರೂ ಕಡಿಮೆಯಾಗಿರಲಿಲ್ಲ.

ಆಗ ಹಾಲಗೌಡನ ಮೊಮ್ಮಗಳು, “ಅಮ್ಮ ಎಲ್ಲಿ? ಇನ್ನೂ ಬರ್ಲಿಲ್ವಾ?” ಎಂದು ಕೇಳಿದಳು.

ಬೊಮ್ಮಕ್ಕ ನೆಲಕ್ಕೆ ಕುಸಿದು, “ನಾನು ಸುಳ್ಳು ಹೇಳ್ದೆ ಕಂದಾ. ಸ್ವಾಮಿಗಳು ಹೇಳಿದ್ದು ಬರೀ ನೀರಿನ ಸುದ್ದಿ. ನಿಮ್ಮ ತಾತ ಹಿಂದಕ್ಕೆ ಹೋಗ್ಬಿಡ್ತಾರೆ ಅಂತ ಅಮ್ಮನ ಹೆಸರಲ್ಲಿ ಸುಳ್ಳು ಹೇಳ್ದೆ” ಎಂದು ಅತ್ತಳು. ಹಾಲಗೌಡನು ತನ್ನ ಮೇಲುವಸ್ತ್ರವನ್ನು ಅವಳಿಗೆ ಹೊದಿಸಿ ಪಕ್ಕದಲ್ಲಿ ಕುಳಿತನು.

ಆ ಕ್ಷಣದಲ್ಲಿ, ಮುನಿಯು ನಿಂತಿದ್ದ ಗುಹೆಯ ಎದುರಿನ ಬಂಡೆಯು ತುಟಿಗಳಂತೆ ಬಿರಿದು, ಅದರೊಳಗಿಂದ ಕರುಣಾಪೂರ್ಣವಾದ ವಾಣಿಯೊಂದು ಹೊರಟಿತು:

“ಮಗಳೇ, ಇಷ್ಟು ಬಾಯಿಗಳು ನಾನು ಬರುವೆನೆಂದು ಹೇಳಿದ ಮೇಲೆ ನಾನು ಬಾರದಿರುವುದು ಹೇಗೆ? ಒಬ್ಬನ ಮಾತನ್ನು ಎಲ್ಲರೂ ಹೊತ್ತು ತಂದಿರಿ. ದಾರಿಯಲ್ಲಿ ಅದು ನನ್ನ ಹೆಸರಾಯಿತು. ನಿಮ್ಮ ಮಾತನ್ನು ನಿಜಮಾಡಲು ಬಂದಿದ್ದೇನೆ. ಸುಶ್ರವಾ, ನೀನು ಮುರಿದ ಮೌನವೇ ನಿನ್ನ ತಪಸ್ಸಿನ ಫಲವೆಂದು ತಿಳಿ.”

ಬಿರಿದ ಕಲ್ಲಿನಿಂದ ತಿಳಿನೀರು ಚಿಮ್ಮಿತು. ಕೆಳಗಿನ ನೀರೆಲ್ಲ ಕೆಸರಾಗಿದ್ದುದರಿಂದ, ನೆರೆಯಿಳಿಯುವವರೆಗೆ ಮನುಷ್ಯರೂ ಪಶುಗಳೂ ಅದನ್ನೇ ಕುಡಿದು ಬದುಕಿದರು. ಮುನಿಯು ಮತ್ತೆ ಮೌನಕ್ಕೆ ಮರಳಲಿಲ್ಲ. ಮನೆ ಕಳೆದುಕೊಂಡವರ ನಡುವೆ ಕುಳಿತು ಅವರವರ ಕಷ್ಟವನ್ನು ಕೇಳುತ್ತ, ತೋಚಿದ ಸಮಾಧಾನವನ್ನು ಹೇಳುತ್ತಿದ್ದನು.

ತುಟಿಯಾಕಾರದ ಆ ಬಂಡೆಯೇ ಇಂದಿನ ಗರ್ಭಗುಡಿಯ ಮೂಲಶಿಲೆ. ಅದರ ಬುಡದಲ್ಲಿರುವುದು ‘ಬಾಯ್ಗೊಳ’. ಆಷಾಢದ ಕೊನೆಯ ಶುಕ್ರವಾರ ಭಕ್ತರು ಕಡವಿನಿಂದ ಗುಡಿಯವರೆಗೆ ಸಾಲಾಗಿ ನಿಲ್ಲುತ್ತಾರೆ. ಅರ್ಚಕರು ಮೊದಲನೆಯವರ ಕಿವಿಯಲ್ಲಿ, “ಅಮ್ಮ ಬರ್ತಾಳೆ, ಮಕ್ಕಳನ್ನ ಕರ್ಕೊಂಡು ಬನ್ನಿ” ಎನ್ನುತ್ತಾರೆ. ಕಿವಿಯಿಂದ ಕಿವಿಗೆ ಹತ್ತಿದ ಆ ಮಾತನ್ನು ತುದಿಯಲ್ಲಿ ನಿಂತವರು ತಮಗೆ ಕೇಳಿಸಿದಂತೆಯೇ ದೇವಿಯೆದುರು ಗಟ್ಟಿಯಾಗಿ ಹೇಳಬೇಕು; ಅದನ್ನು ತಿದ್ದುವ ಅಧಿಕಾರ ಯಾರಿಗೂ ಇಲ್ಲ. ಕೆಲವು ವರ್ಷ ಅಮ್ಮನಿಗೆ ಜ್ವರ ಬಂದಿರುತ್ತದೆ, ಕೆಲವು ವರ್ಷ ಅಮ್ಮ ಹೋಳಿಗೆ ಕೇಳಿರುತ್ತಾಳೆ. ಜನರು ನಗುತ್ತಾರೆ, ಅರ್ಚಕರು ಅದಕ್ಕೆ ತಕ್ಕ ನೈವೇದ್ಯವನ್ನು ಮಾಡಿಸುತ್ತಾರೆ. ಮಾತು ಎಷ್ಟೇ ಬದಲಾದರೂ, ‘ಬನ್ನಿ’ ಎಂಬುದೊಂದು ಇದುವರೆಗೆ ದಾರಿಯಲ್ಲಿ ಬಿದ್ದುಹೋದದ್ದಿಲ್ಲ.