ದ್ಯಾವ ಸುಲಿದ ತೊಗಟೆ

ಹತ್ತಿರ ಬನ್ನಿ ಮಕ್ಕಳೇ, ಗಲಾಟೆ ಮಾಡದೆ ಕೇಳಿ. ಹಿಂದೆ ಹೊಂಬಳ್ಳ ಅಂತ ಒಂದು ರಾಜ್ಯ ಇತ್ತು. ಅಲ್ಲಿನ ದೊರೆಗೆ ಮಾವಿನಹಣ್ಣು ಅಂದರೆ ಪ್ರಾಣ. ವರ್ಷ ವರ್ಷವೂ ಎಲ್ಲಕ್ಕಿಂತ ದೊಡ್ಡ ಹಣ್ಣು ತಂದವನಿಗೆ ತುಂಬಿದ ಸಭೆಯಲ್ಲಿ ಶಾಲು ಹೊದಿಸುತ್ತಿದ್ದ.

ಅದೇ ಊರಲ್ಲಿ ದ್ಯಾವ ಅಂತ ಒಬ್ಬ ತೋಟಗಾರ. ಅವನ ಹಿತ್ತಲಲ್ಲಿ ಮೂರು ಮಾವಿನ ಮರ. ಮೂರನ್ನೂ ನೆಟ್ಟವಳು ಅವನ ತಾಯಿ ಮುದ್ದವ್ವ. ಮೂರನೆಯದನ್ನಂತೂ ದ್ಯಾವ ಹುಟ್ಟಿದ ವರ್ಷ ನೆಟ್ಟು, ಮಗನಿಗೆ ಹಾಲು, ಗಿಡಕ್ಕೆ ನೀರು ಅಂತ ಒಟ್ಟಿಗೇ ಸಾಕಿದ್ದಳು.

ದ್ಯಾವನಿಗೆ ಶಾಲಿನ ಆಸೆ ಹತ್ತಿತು. ಏನು ಮಾಡಿದ ಗೊತ್ತೇ ಆ ಭೂಪ? ಕಾಯಿ ಕಚ್ಚಿದ ಮೇಲೆ ಮೊದಲನೇ ಮರದ ಕಾಂಡದ ಸುತ್ತ ನಾಲ್ಕು ಬೆರಳಗಲ ತೊಗಟೆ ಸುಲಿದ. ಕಾಣದ ಹಾಗೆ ಕೆಮ್ಮಣ್ಣು ಮೆತ್ತಿದ. ಕಾಯಿ ಊದಿಕೊಂಡವು ನೋಡಿ, ಒಂದೊಂದೂ ತೆಂಗಿನಕಾಯಿ ಗಾತ್ರ! ಶಾಲು ಬಂತು. ಮರ ಒಣಗಿತು.

"ಹುಳ ಹತ್ತಿತ್ತು ಕಣವ್ವ" ಅಂದ.

ಮರುವರ್ಷ ಎರಡನೇ ಮರ. ಶಾಲು ಬಂತು. ಮರ ಒಣಗಿತು.

"ಗೆದ್ದಲು ಕಣವ್ವ" ಅಂದ.

ಮುದ್ದವ್ವ ಒಣಗಿದ ಕಾಂಡವನ್ನು ಸವರಿ ಒಳಗೆ ಹೋದಳು. ಬೈದಿದ್ದರಾದರೂ ಚೆನ್ನಾಗಿತ್ತು ಅನ್ನಿಸಿತು ದ್ಯಾವನಿಗೆ.

ಮೂರನೇ ವರ್ಷ ದೊರೆ ಡಂಗುರ ಸಾರಿಸಿದ, "ಈ ಸಲ ಗೆದ್ದವನು ಅರಮನೆ ತೋಟಕ್ಕೇ ಯಜಮಾನ!" ಉಳಿದದ್ದು ಒಂದೇ ಮರ, ದ್ಯಾವನ ಜೊತೆ ಬೆಳೆದ ಮರ. ಮಚ್ಚು ಹಿಡಿದವನು ಒಮ್ಮೆ ಹಿಂದೆ ಸರಿದ. ಆದರೆ ಆಸೆ ಬಿಡಬೇಕಲ್ಲ! ಅದನ್ನೂ ಸುಲಿದುಬಿಟ್ಟ.

ಅವನ ಹಣ್ಣೇ ಗೆದ್ದಿತು. ದೊರೆ ಶಾಲು ಕೈಗೆತ್ತಿಕೊಂಡ. ಅಷ್ಟರಲ್ಲಿ ಮುದ್ದವ್ವ ಕೋಲೂರಿಕೊಂಡು ಸಭೆಗೆ ಬಂದಳು.

"ಬುದ್ಧೀ, ನಮ್ಮಲ್ಲೊಂದು ಪದ್ಧತಿ ಇದೆ. ಬೆಳೆದವನಿಗೆ ಮರ್ಯಾದೆ ಮಾಡೋ ಮುಂಚೆ ಮರಕ್ಕೆ ಮೂರು ಕೊಡ ಅರಿಶಿನದ ನೀರು ಹುಯ್ಯಬೇಕು. ತಾವೇ ಬಂದು ಹುಯ್ದರೆ ಆ ಮರದ ಪುಣ್ಯ."

ದ್ಯಾವ ಓಡಿಬಂದು ಅಡ್ಡ ನಿಂತ. "ದೊರೆಗಳಿಗ್ಯಾಕವ್ವ ತೊಂದರೆ?" ಅಂದ.

"ತೊಂದರೆ ಎಂಥದ್ದು, ನಡಿಯೋ!" ಅಂತ ದೊರೆ ಎದ್ದೇಬಿಟ್ಟ. ಊರೆಲ್ಲ ಹಿಂದೆ ಹೊರಟಿತು.

ದೊರೆ ಮೊದಲನೇ ಕೊಡ ಕಾಂಡದ ಮೇಲೆ ಹುಯ್ದ, ಮೆತ್ತಿದ ಮಣ್ಣು ನೆನೆಯಿತು. ಎರಡನೇ ಕೊಡ ಹುಯ್ದ, ಮಣ್ಣು ಜಾರಿತು. ಮೂರನೇ ಕೊಡ ಹುಯ್ದ, ಸುತ್ತಲೂ ಸುಲಿದ ಗಾಯ ಎಲ್ಲರ ಕಣ್ಣಿಗೂ ಬಿತ್ತು.

"ಇದೇನು ಮುದ್ದವ್ವ? ಎಲೆ ಹಸಿರಾಗೇ ಇದೆಯಲ್ಲ!" ಅಂದ ದೊರೆ.

"ನೀರು ಒಳಗಿನ ಗಟ್ಟಿ ಮರದಲ್ಲಿ ಹತ್ತುತ್ತೆ ಬುದ್ಧೀ, ಅದಕ್ಕೇ ಎಲೆ ಹಸಿರು. ಎಲೆ ಬಿಸಿಲಲ್ಲಿ ಅಡುಗೆ ಮಾಡಿ ಬೇರಿಗೆ ಊಟ ಕಳಿಸುತ್ತಲ್ಲ, ಆ ದಾರಿ ಇರೋದು ತೊಗಟೆಯಲ್ಲಿ. ಇವನು ಆ ದಾರಿಯನ್ನೇ ಕಿತ್ತ. ಬೇರಿನ ಪಾಲೂ ಹಣ್ಣಿಗೇ ಹೋಗಿ ಹಣ್ಣು ಊದಿತು. ಬೇರು ಉಪವಾಸ. ಬೇರು ಸತ್ತರೆ ಆಮೇಲೆ ನೀರು ಎತ್ತೋರ್ಯಾರು?"

ದ್ಯಾವನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಹೆಗಲ ಮೇಲೆ ಹೋದ ವರ್ಷದ ಶಾಲು ಬೇರೆ ಹೊದ್ದು ಬಂದಿದ್ದ. ಅದನ್ನು ತೆಗೆದು ದೊರೆಯ ಕಾಲ ಬಳಿ ಇಟ್ಟ. ಕತ್ತೆತ್ತಲು ಆಗಲಿಲ್ಲ.

"ಗಡಿಪಾರು ಮಾಡಲೇ?" ಅಂತ ದೊರೆ ಗುಡುಗಿದ.

"ಬೇಡ ಬುದ್ಧೀ. ಬೇರಲ್ಲಿ ಇನ್ನೂ ಜೀವ ಇದೆ. ಕಿತ್ತವನೇ ಕೂಡಿಸಲಿ" ಅಂದಳು ಮುದ್ದವ್ವ. ಮಗನ ಕಡೆ ತಿರುಗಿ, "ಹೋಗು, ಕೊಟ್ಟಿಗೆ ಹಿಂದೆ ಎಳೇ ಕಡ್ಡಿ ಸಿಗುತ್ತೆ, ತಾ. ಗಾಯದ ಮೇಲಿನ ತೊಗಟೆಗೂ ಕೆಳಗಿನ ತೊಗಟೆಗೂ ಸೇತುವೆ ಹಾಗೆ ಕಸಿ ಕಟ್ಟು" ಅಂದಳು.

ದ್ಯಾವ ಹೋಗಿ ನೋಡಿದ. ಕೊಟ್ಟಿಗೆ ಹಿಂದೆ ಎರಡು ಮಾವಿನ ಸಸಿ.

"ಎಲ್ಲಿಯವವ್ವ ಇವು?" ಅಂತ ಹಿಂದೆಯೇ ಬಂದ ಅವ್ವನನ್ನು ಕೇಳಿದ.

"ನೀನು ಒಣಗಿಸಿದ ಮರಗಳ ಮಕ್ಕಳು. ನೀನು ಹಣ್ಣು ತಿಂದು ಎಸೆದ ವಾಟೆ ನಾನು ಹೂತಿದ್ದೆ."

"ಅಂದರೆ ನಿನಗೆ ಮೊದಲೇ ಗೊತ್ತಿತ್ತಾ?"

"ಗೊತ್ತಿತ್ತು ಮಗಾ. ನೀನೇ ಬಾಯಿಬಿಟ್ಟು ಹೇಳ್ತೀಯ ಅಂತ ಎರಡು ವರ್ಷ ಕಾದೆ."

ದ್ಯಾವ ಅಲ್ಲೇ ಕುಸಿದು ಬಿಕ್ಕಿ ಬಿಕ್ಕಿ ಅತ್ತ. ಅಳುತ್ತಲೇ ಕಡ್ಡಿ ಕೊಯ್ದ, ಬಾಳೆನಾರಿನಲ್ಲಿ ಕಸಿ ಕಟ್ಟಿದ. ಮರ ಬದುಕಿತು. ಮರುವರ್ಷ ನಿಂಬೆಕಾಯಿಯಷ್ಟು ಹಣ್ಣು ಬಿಟ್ಟಿತು. ಮೊದಲನೆಯದನ್ನು ಅವ್ವನ ಕೈಗಿಟ್ಟ, ಆವತ್ತೂ ತಲೆ ತಗ್ಗಿಸಿಕೊಂಡೇ.

ನೋಡಿದಿರಾ ಮಕ್ಕಳೇ? ಕಾಣುವ ಹಣ್ಣಿನ ಆಸೆಗೆ ಕಾಣದ ಬೇರನ್ನು ಉಪವಾಸ ಕೆಡವಬಾರದು. ತಪ್ಪು ಮಾಡಿದ ದಿನ ಅದಕ್ಕೆ ಮಣ್ಣು ಮೆತ್ತಬೇಡಿ, ಹೋಗಿ ಅವ್ವನ ಮುಂದೆ ಹೇಳಿಬಿಡಿ. ಅವಳು ಕಾಯುತ್ತಿರುತ್ತಾಳೆ.