ಉಗುರಿನಷ್ಟು ಒಬ್ಬಟ್ಟು

“ಗುರುಗಳೇ, ಸಿಹಿ ಬಿಟ್ಟವನು ಸಿಹಿ ತಿನ್ನಬಹುದೇ?”

ಕೇಳಿದವನು ತಿರುಮಲೇಶ. ವಾರಕ್ಕೊಮ್ಮೆ ಗುರುಗಳ ಬಳಿ ಬಂದು ಕೂರುವ ಗೃಹಸ್ಥ ಶಿಷ್ಯ, ಐವತ್ತು ದಾಟಿದವನು. ಪ್ರಶ್ನೆ ಬಾಯಿಂದ ಹೊರಬಿದ್ದ ಮೇಲೆ ಅದು ಎಷ್ಟು ವಿಚಿತ್ರವಾಗಿದೆ ಎಂದು ಅವನಿಗೇ ಅನ್ನಿಸಿತು. ಗುರುಗಳು ನಗಲಿಲ್ಲ. ಬಿಡಿಸಿ ಹೇಳು ಎನ್ನುವಂತೆ ತಲೆಯಾಡಿಸಿದರು.

ಅವನು ಬಿಡಿಸಿ ಹೇಳಿದ. ಮೂರು ತಿಂಗಳ ಹಿಂದೆ ರಕ್ತ ಪರೀಕ್ಷೆ ಮಾಡಿಸಿದಾಗ ಡಾಕ್ಟರು ಅನ್ನ, ಚಪಾತಿ, ಮುದ್ದೆಯನ್ನು ಬಹಳ ಕಡಿಮೆ ಮಾಡಿಸಿದ್ದರು. ಸಕ್ಕರೆ, ಬೆಲ್ಲವನ್ನು ಪೂರ್ತಿ ಬಿಡಿಸಿದ್ದರು. ಅವನು ಬಿಟ್ಟ. ಅಷ್ಟರಲ್ಲಿ ಹಬ್ಬ ಬಂತು. ಅವನ ಹೆಂಡತಿ ಡಾಕ್ಟರನ್ನೇ ಕೇಳಿಕೊಂಡು ಬಂದು, ಬಾದಾಮಿ ಹಿಟ್ಟಿಗೆ ಕೊಬ್ಬರಿ, ತುಪ್ಪ ಸೇರಿಸಿ, ಸಕ್ಕರೆಯ ಬದಲು ಸಿಹಿ ಎಲೆಯ ಪುಡಿ ಹಾಕಿ ಉಂಡೆ ಕಟ್ಟಿದಳು. ದಿನಕ್ಕೊಂದು ತಿಂದರೆ ತೊಂದರೆಯಿಲ್ಲ ಎಂದು ಡಾಕ್ಟರು ಹೇಳಿದ್ದರು. ತೊಂದರೆ ಶುರುವಾದದ್ದು ಅಲ್ಲಿಂದಲೇ.

“ತಿಂದರೆ ಏನೋ ಕದ್ದ ಹಾಗೆ ಅನ್ಸುತ್ತೆ. ತಿನ್ನದೆ ಬಿಟ್ಟರೆ ಅವಳ ಮುಖ ಸಪ್ಪಗಾಗುತ್ತೆ. ನಮ್ಮಣ್ಣ ಹೇಳ್ತಾನೆ, ಬಿಟ್ಟ ಮೇಲೆ ಬಿಡಬೇಕು, ಅದಕ್ಕೇ ವೇಷ ಹಾಕಿಸಿ ಮತ್ತೆ ಒಳಗೆ ಕರೆಯೋದು ಯಾವ ಸೀಮೆ ಪಥ್ಯ ಅಂತ. ಮಗಳು ಹೇಳ್ತಾಳೆ, ಸಕ್ಕರೆಯೇ ಇಲ್ಲದ ಮೇಲೆ ಅದು ಸಿಹಿಯೇ ಅಲ್ಲ, ಸುಮ್ನೆ ತಿನ್ನಪ್ಪ ಅಂತ. ನಾಲಿಗೆಗೆ ಮಾತ್ರ ಅದು ಸಿಹಿಯಾಗೇ ಇದೆ. ಉಂಡೆ ಕೈಯಲ್ಲಿ ಹಿಡ್ಕೊಂಡು ಯೋಚಿಸ್ತಾ ಕೂತರೆ ಅರ್ಧ ಗಂಟೆ ಹೋಗುತ್ತೆ. ನನಗಂತೂ ತಲೆ ಕೆಟ್ಟುಹೋಗಿದೆ ಗುರುಗಳೇ.”

“ಕೆಡಲಿ,” ಎಂದರು ಗುರುಗಳು. “ಒಂದು ಕತೆ ಹೇಳುತ್ತೇನೆ.”

ಒಂದು ಊರಿನಲ್ಲಿ ಒಬ್ಬ ಅಡಿಗೆಭಟ್ಟನಿದ್ದ. ಸುತ್ತಲಿನ ಊರುಗಳಲ್ಲಿ ಮದುವೆ ಗೊತ್ತಾದರೆ ಮೊದಲು ಅವನಿಗೆ ವೀಳ್ಯ ಹೋಗುತ್ತಿತ್ತು, ಪುರೋಹಿತನಿಗೆ ಆಮೇಲೆ. ಅವನ ಒಬ್ಬಟ್ಟು ಅಂಥದ್ದು. ತಿಂದವರು ವಧೂವರರ ಹೆಸರು ಮರೆತರೂ ಒಬ್ಬಟ್ಟನ್ನು ಮರೆಯುತ್ತಿರಲಿಲ್ಲ.

ಅವನಿಗೊಂದು ರೂಢಿಯಿತ್ತು. ನೈವೇದ್ಯಕ್ಕೆ ಎತ್ತಿಟ್ಟ ಮೇಲೆ, ಪ್ರತಿ ಪಾತ್ರೆಯಿಂದಲೂ ಪ್ರತಿ ಕಾವಲಿಯಿಂದಲೂ ಉಗುರಿನಷ್ಟು ಮುರಿದು, ಬೆರಳು ತುಟಿಗೆ ತಾಗದಂತೆ ಮೇಲಿನಿಂದ ನಾಲಿಗೆಗೆ ಹಾಕಿಕೊಳ್ಳುತ್ತಿದ್ದ. ಕಣ್ಣು ಮುಚ್ಚಿ ತೀರ್ಪು ಕೊಡುತ್ತಿದ್ದ. ಬೆಲ್ಲ ಒಂದು ಹಿಡಿ ಹಿಂದಿದೆ. ಏಲಕ್ಕಿ ಮುಂದಾಯಿತು. ಬೇಳೆ ಇನ್ನೊಂದು ಕುದಿ ಬೇಕಿತ್ತು. ಆ ತೀರ್ಪು ತಪ್ಪಿದ್ದನ್ನು ಯಾರೂ ಕಂಡಿರಲಿಲ್ಲ.

ತುಟಿಗೆ ತಾಗದ ಮೇಲೆ ಅದು ಎಂಜಲಲ್ಲ. ಎಂಜಲಾಗದ ಮೇಲೆ ಅದು ತಿಂದದ್ದೂ ಅಲ್ಲ. ಇದು ಅವನ ಧರ್ಮಶಾಸ್ತ್ರ. ಅವನಪ್ಪನದೂ ಇದೇ ಆಗಿತ್ತು. ಪಂಕ್ತಿಗಳೆಲ್ಲ ಎದ್ದ ಮೇಲೆ ತಾನು ಊಟಕ್ಕೆ ಕೂತರೆ ಹೊಗೆಗೂ ತುಪ್ಪದ ವಾಸನೆಗೂ ಹೊಟ್ಟೆ ಕಟ್ಟಿಹೋಗಿರುತ್ತಿತ್ತು. ಎರಡು ತುತ್ತು ಮಜ್ಜಿಗೆ ಅನ್ನ ಉಂಡು ಏಳುತ್ತಿದ್ದ. ನಾನು ಸಿಹಿ ತಿನ್ನುವವನೇ ಅಲ್ಲ ಎಂದು ಎಲ್ಲರಿಗೂ ಹೇಳುತ್ತಿದ್ದ. ಪಾಪ, ಸುಳ್ಳು ಹೇಳುತ್ತಿರಲಿಲ್ಲ. ಹಾಗೆಂದೇ ನಂಬಿದ್ದ.

ಒಂದು ವರ್ಷ ಅವನ ಬಲಗಾಲಿನ ಹೆಬ್ಬೆರಳಿಗೆ ಕಾದ ಸೌಟು ಬಿದ್ದು ಗಾಯವಾಯಿತು. ಗಾಯ ಮಾಯಲಿಲ್ಲ. ತಿಂಗಳು ಕಳೆದರೂ ಹಸಿಯಾಗಿಯೇ ಇತ್ತು. ವೈದ್ಯನ ಬಳಿ ಹೋದ. ವೈದ್ಯ ಗಾಯ ನೋಡಿದ, ನಾಡಿ ನೋಡಿದ, ಮುಖ ಗಂಟಿಕ್ಕಿಕೊಂಡ.

“ಭಟ್ಟರೇ, ನಲವತ್ತೆಂಟು ದಿನ ಅನ್ನ ಮುಟ್ಟಬೇಡಿ, ಗೋಧಿ ಮುಟ್ಟಬೇಡಿ, ಬೆಲ್ಲದ ಕಡೆ ತಿರುಗಿಯೂ ನೋಡಬೇಡಿ. ಇಲ್ಲದಿದ್ದರೆ ಈ ಕಾಲು ನಿಮಗೆ ಉಳಿಯೋದಿಲ್ಲ.”

ಒಲೆಯ ಮುಂದೆ ನಿಂತು ಬದುಕುವವನಿಗೆ ಕಾಲು ಹೋದರೆ ಉಳಿಯುವುದೇನು? ಭಟ್ಟ ಹೆದರಿಬಿಟ್ಟ. ಅಂದಿನಿಂದಲೇ ಪಥ್ಯ ಹಿಡಿದ. ಸೊಪ್ಪು, ಮೊಸರು, ತೆಂಗಿನಕಾಯಿ, ನಾಲ್ಕು ಬಾದಾಮಿ. ಮಜ್ಜಿಗೆ ಅನ್ನದಲ್ಲಿ ಅನ್ನ ಹೋಗಿ ಮಜ್ಜಿಗೆ ಮಾತ್ರ ಉಳಿಯಿತು. ಕೆಲಸ ಮಾತ್ರ ಬಿಡುವಂತಿರಲಿಲ್ಲ, ಮದುವೆಗಳು ಸಾಲಾಗಿ ಬಂದಿದ್ದವು.

ಇಪ್ಪತ್ತು ದಿನ ಕಳೆಯಿತು. ಗಾಯ ಬೆರಳಿನಿಂದ ಪಾದಕ್ಕೆ ಹಬ್ಬಿತು.

ವೈದ್ಯನಿಗೆ ಅರ್ಥವಾಗಲಿಲ್ಲ. ಔಷಧಿ ಬದಲಿಸಿದ. ಹೆಂಡತಿಗೆ ಅರ್ಥವಾಗಲಿಲ್ಲ, ಅವಳೇ ಕೈಯಾರೆ ಬಡಿಸುತ್ತಿದ್ದಳು, ಒಂದು ಅಗುಳು ಅನ್ನ ಅವನ ಎಲೆಗೆ ಬಿದ್ದಿರಲಿಲ್ಲ. ಎಲ್ಲರಿಗಿಂತ ಹೆಚ್ಚು ಅರ್ಥವಾಗದವನು ಭಟ್ಟನೇ. “ಆಣೆ ಇಡ್ತೀನಿ, ಏನೂ ತಿಂದಿಲ್ಲ,” ಎಂದ. ಅವನ ಕಣ್ಣು ತುಂಬಿತ್ತು. ವೈದ್ಯ ನಂಬಿದ. ನಂಬಿದ್ದರಿಂದಲೇ ಅವನ ಗೊಂದಲ ಹೆಚ್ಚಾಯಿತು.

ಮರುದಿನ ಪಕ್ಕದ ಊರಿನಲ್ಲಿ ಮದುವೆ. ವೈದ್ಯನಿಗೂ ಕರೆಯಿತ್ತು. ಅವನು ಚಪ್ಪರದಲ್ಲಿ ಕೂರದೆ ನೇರ ಅಡಿಗೆಮನೆಯ ಬಾಗಿಲಲ್ಲಿ ಕೂತ. ಒಂದು ಗಳಿಗೆ ನೋಡಿದ. ಭಟ್ಟನ ಕೈ ಪಾತ್ರೆಗೆ ಹೋಗುತ್ತಿತ್ತು, ಮೇಲೇಳುತ್ತಿತ್ತು, ಉಗುರಿನಷ್ಟು ಏನೋ ನಾಲಿಗೆಗೆ ಬೀಳುತ್ತಿತ್ತು. ವೈದ್ಯ ಎದ್ದು ಒಂದು ಎಲೆಯ ದೊನ್ನೆ ತಂದು ಅವನ ಮುಂದಿಟ್ಟ.

“ಇನ್ನು ಮೇಲೆ ನಾಲಿಗೆಗೆ ಹಾಕಿಕೊಳ್ಳೋದನ್ನೆಲ್ಲ ಇದಕ್ಕೆ ಹಾಕಿ. ಇವತ್ತು ಮೂಗಿನಲ್ಲೇ ಹದ ನೋಡಿ.”

ಭಟ್ಟ ಹಾಗೆಯೇ ಮಾಡಿದ. ಮೂರನೆಯ ಪಂಕ್ತಿ ಕೂರುವ ಹೊತ್ತಿಗೆ ದೊನ್ನೆ ತುಂಬಿತು. ಇನ್ನೊಂದು ತಂದಿಟ್ಟರು. ಕೊನೆಯ ಪಂಕ್ತಿಗೆ ಎಲೆ ಹಾಕುವಾಗ ಅದೂ ತುಂಬಿತ್ತು. ಒಬ್ಬಟ್ಟು, ಹೂರಣ, ಪಾಯಸ, ಲಾಡಿನ ಕಾಳು, ಎಲ್ಲ ಕಲಸಿಹೋಗಿತ್ತು.

“ಇದು ಯಾರದು?” ಎಂದ ಭಟ್ಟ. ಕೆಲಸದ ಭರದಲ್ಲಿ ಅವನಿಗೆ ನಿಜವಾಗಿಯೂ ಮರೆತುಹೋಗಿತ್ತು.

“ನಿಮ್ಮದೇ. ದಿನಾ ಇಷ್ಟು.”

ಭಟ್ಟ ಎರಡು ದೊನ್ನೆಗಳನ್ನು ನೋಡುತ್ತ ನಿಂತ. ಮೊದಲು ಹೆದರಿಕೆಯಾಯಿತು. ಆಮೇಲೆ ನಾಚಿಕೆಯಾಯಿತು. ಕೊನೆಗೆ ಬಂದದ್ದು ಮಾತ್ರ ಅವನು ಎಣಿಸದೇ ಇದ್ದದ್ದು. ಇಷ್ಟು ಸಿಹಿ ದಿನವೂ ಹೊಟ್ಟೆಗೆ ಹೋಗಿದೆ. ಒಂದು ದಿನವಾದರೂ ಸಿಹಿ ತಿಂದ ಸುಖ ಯಾಕೆ ಸಿಗಲಿಲ್ಲ? ಅದನ್ನೇ ವೈದ್ಯನನ್ನು ಕೇಳಿದ. ಅದಕ್ಕೆ ತನ್ನ ಬಳಿ ಮದ್ದಿಲ್ಲ ಎಂದು ವೈದ್ಯ ಊಟಕ್ಕೆ ಹೊರಟ.

ಗುರುಗಳು ಇಲ್ಲಿ ಉಸಿರು ತೆಗೆದುಕೊಂಡರು. ತಿರುಮಲೇಶನಿಗೆ ಹಗುರವಾಯಿತು. ಉತ್ತರ ಸಿಕ್ಕಿತು, ಅಣ್ಣ ಹೇಳಿದ್ದೇ ಸರಿ ಎಂದುಕೊಂಡ.

“ತಿಳೀತು ಗುರುಗಳೇ. ಉಗುರಿನಷ್ಟಾದರೂ ಸಿಹಿ ಸಿಹಿಯೇ. ಬಿಟ್ಟ ಮೇಲೆ ಪೂರ್ತಿ ಬಿಡಬೇಕು.”

“ಭಟ್ಟನೂ ಹಾಗೇ ತಿಳಿದ,” ಎಂದು ಗುರುಗಳು ಕತೆ ಮುಂದುವರಿಸಿದರು. ತಿರುಮಲೇಶ ಸಿಕ್ಕಿದ ಉತ್ತರವನ್ನು ಹಾಗೆಯೇ ಕೆಳಗಿಡಬೇಕಾಯಿತು.

ಭಟ್ಟ ನಾಲಿಗೆಯನ್ನು ಬಿಗಿ ಹಿಡಿದ. ಹದವನ್ನು ಮೂಗಿನಲ್ಲಿ ನೋಡಿದ, ಬೆರಳಿನಲ್ಲಿ ನೋಡಿದ. ಗಾಯ ಒಣಗತೊಡಗಿತು. ಆದರೆ ಮನುಷ್ಯನೂ ಒಣಗಿದ. ಮಾತು ಕಡಿಮೆಯಾಯಿತು. ಎಲೆಯ ಮುಂದೆ ಕೂತರೆ ಸೊಪ್ಪನ್ನು ಸಾಲ ತೀರಿಸಿದ ಹಾಗೆ ನುಂಗಿ ಏಳುತ್ತಿದ್ದ. ಹೆಂಡತಿ ಇದನ್ನು ಎಷ್ಟು ದಿನ ನೋಡಿಯಾಳು? ವೈದ್ಯನ ಹಿತ್ತಿಲಿನಲ್ಲಿ ಒಂದು ಗಿಡವಿತ್ತು. ಅದರ ಎಲೆ ಸಿಹಿ, ಆದರೆ ಬೆಲ್ಲದ ಬಾಧೆ ಇಲ್ಲ. ಅವಳು ಕೇಳಿ ಒಂದು ಹಿಡಿ ತಂದಳು. ಬಾದಾಮಿ ನುಣ್ಣಗೆ ಅರೆದು ಕಣಕ ಮಾಡಿದಳು. ತೆಂಗಿನ ತುರಿ ಹುರಿದು, ಎಲೆಯ ರಸ ಬೆರೆಸಿ ಹೂರಣ ಮಾಡಿದಳು. ದಿನಕ್ಕೊಂದು ತಿನ್ನಲಿ, ಗಾಯಕ್ಕೆ ಏನೂ ಆಗದು ಎಂದು ವೈದ್ಯ ಒಪ್ಪಿದ.

ಕತೆಯೊಳಗೆ ಬಾದಾಮಿ ಬಂದದ್ದೇ ತಿರುಮಲೇಶ ನೆಟ್ಟಗೆ ಕೂತ. ಗುರುಗಳು ತನ್ನ ಮನೆಯ ಅಡಿಗೆಮನೆಗೇ ನುಗ್ಗಿದ ಹಾಗಾಯಿತು. ಹಾಗಾದರೆ ಸರಿ ಅನ್ನಬೇಕಾದದ್ದು ಮಗಳ ಮಾತೇ? ಅವನಿಗೆ ಮತ್ತೆ ಎತ್ತ ಹೋಗಬೇಕೆಂದು ತೋಚಲಿಲ್ಲ.

ಭಟ್ಟನ ಹೆಂಡತಿ ಒಬ್ಬಟ್ಟನ್ನು ಬಿಸಿಯಾಗಿ ಗಂಡನ ಎಲೆಗೆ ಹಾಕಿದಳು. ಭಟ್ಟ ಉಗುರಿನಷ್ಟು ಮುರಿದ. ಮೇಲಿನಿಂದ ನಾಲಿಗೆಗೆ ಹಾಕಿಕೊಂಡ. ಕಣ್ಣು ಮುಚ್ಚಿದ. ಕಣಕ ಬಿರಿದಿದೆ, ಎಲೆಯ ಒಗರು ಹಿಂದೆ ಉಳಿಯುತ್ತದೆ, ಇದು ಒಬ್ಬಟ್ಟಲ್ಲ ಎಂದು ಪಕ್ಕಕ್ಕೆ ಸರಿಸಿದ.

ಮರುದಿನ ಅವಳು ಬಾದಾಮಿಯನ್ನು ಇನ್ನೂ ನುಣ್ಣಗೆ ಅರೆದಳು. ಅವನು ಏಲಕ್ಕಿ ಮುಂದಾಯಿತು ಎಂದ. ಅದರ ಮರುದಿನ ತುಪ್ಪ ಕಡಿಮೆ, ಅದರ ಹಾಗಿಲ್ಲ ಎಂದ. ಹೀಗೆ ಒಂಬತ್ತು ದಿನ. ಒಂಬತ್ತು ದಿನವೂ ಅವನು ಉಗುರಿನಷ್ಟು ಮುರಿದ, ಉಳಿದದ್ದನ್ನು ಅವಳೇ ತಿಂದಳು. ಅವಳ ಅರೆಯುವ ಕೈ ಬಾತುಕೊಂಡಿತ್ತು. ಹತ್ತನೆಯ ದಿನ ಅವಳು ಒಬ್ಬಟ್ಟು ಹಾಕಿ ಎದುರಿಗೇ ಕೂತಳು.

“ಅದರ ಹಾಗಿಲ್ಲ, ಅದರ ಹಾಗಿಲ್ಲ ಅಂತೀರಲ್ಲ, ಯಾವುದರ ಹಾಗೆ? ನೀವು ಕೂತು ಇಡೀ ಒಬ್ಬಟ್ಟು ತಿಂದದ್ದು ಯಾವಾಗ ಹೇಳಿ. ಅದೇ ಥರ ಮಾಡಿಕೊಡ್ತೀನಿ.”

ಭಟ್ಟ ಜ್ಞಾಪಿಸಿಕೊಳ್ಳಲು ನೋಡಿದ. ಹಬ್ಬಗಳಲ್ಲಿ ಅವನು ಬೇರೆಯವರ ಒಲೆಯ ಮುಂದಿದ್ದ. ಮಗಳ ಮದುವೆಗೆ ತಾನೇ ಅಡಿಗೆ ಮಾಡಿದ್ದ. ಕೊನೆಗೆ, “ನಮ್ಮ ಮದುವೇಲಿ,” ಎಂದ.

“ಇಲ್ಲ,” ಎಂದಳು ಅವಳು. “ಅವತ್ತೂ ಚೂರು ಮುರಿದು ಬೇಳೆ ಬೆಂದಿಲ್ಲ ಅಂದಿರಿ. ಪಕ್ಕದಲ್ಲಿ ಕೂತಿದ್ದವಳು ನಾನೇ.”

ಐವತ್ತು ವರ್ಷ ತಾನು ಯಾವುದರ ಹದ ನೋಡಿದೆ, ಈ ತಿಂಗಳೆಲ್ಲ ಯಾವುದನ್ನು ಕಳೆದುಕೊಂಡೆನೆಂದು ಕೊರಗಿದೆ, ಭಟ್ಟನಿಗೆ ಒಂದೂ ತಿಳಿಯಲಿಲ್ಲ. ತಲೆಯೊಳಗೆಲ್ಲ ಮಂಜು ಕವಿದಂತಾಯಿತು. ಏನು ಮಾಡಬೇಕೆಂದು ತೋಚದೆ ಎದುರಿಗಿದ್ದ ಒಬ್ಬಟ್ಟನ್ನು ಎತ್ತಿಕೊಂಡ. ಈ ಸಲ ಅದು ತುಟಿಗೆ ತಾಗಿತು. ಕಚ್ಚಿದ, ಅಗಿದ, ನುಂಗಿದ. ಮತ್ತೆ ಕಚ್ಚಿದ. ಎಲೆ ಖಾಲಿಯಾಗುವವರೆಗೂ ತಲೆ ಎತ್ತಲಿಲ್ಲ.

“ಹೇಗಿತ್ತು?” ಎಂದಳು ಹೆಂಡತಿ.

ಭಟ್ಟ ರೂಢಿಯಂತೆ ಕಣ್ಣು ಮುಚ್ಚಿ ನೋಡಿದ. “ಗೊತ್ತಾಗಲಿಲ್ಲ ಕಣೇ,” ಎಂದ. “ತಿಂದುಬಿಟ್ಟೆ.”

ಗುರುಗಳು ಕತೆ ನಿಲ್ಲಿಸಿದರು.

ತಿರುಮಲೇಶ ಕಾದ. ಇನ್ನೇನೋ ಇರಬೇಕು, ಕತೆಯ ತಾತ್ಪರ್ಯ ಈಗ ಬರುತ್ತದೆ ಎಂದುಕೊಂಡ. ಬರಲಿಲ್ಲ. ಕೊನೆಗೆ ಅವನೇ ಕೇಳಿದ. “ಕಾಲು?”

“ಉಳಿಯಿತು. ನಲವತ್ತೆಂಟು ದಿನ ಎಂದದ್ದು ಅರವತ್ತಾಯಿತು. ಆದರೆ ಉಳಿಯಿತು.”

ತಿರುಮಲೇಶನಿಗೆ ಭಟ್ಟನ ಕಾಲು ಉಳಿದದ್ದಕ್ಕೆ ನಿಜವಾಗಿಯೂ ಸಂತೋಷವಾಯಿತು. ಆದರೆ ತನ್ನ ಪ್ರಶ್ನೆ ಇದ್ದಲ್ಲಿಯೇ ಇತ್ತು. ಕತೆಯ ಮೊದಲ ಅರ್ಧ ಅಣ್ಣನ ಕಡೆಗಿತ್ತು, ಎರಡನೆಯ ಅರ್ಧ ಮಗಳ ಕಡೆಗಿತ್ತು, ಕೊನೆ ಯಾರ ಕಡೆಗೂ ಇರಲಿಲ್ಲ. ಬಂದಾಗ ಇದ್ದ ಗೊಂದಲ ಈಗ ಎರಡು ಪಟ್ಟಾಗಿತ್ತು. ಅವನಿಗೆ ಸ್ವಲ್ಪ ಸಿಟ್ಟೂ ಬಂತು.

“ಕ್ಷಮಿಸಬೇಕು ಗುರುಗಳೇ. ನನ್ನ ಬುದ್ಧಿ ಮಂದ. ನಾನು ಆ ಉಂಡೆ ತಿನ್ನಬಹುದೋ, ಬಾರದೋ? ಅದೊಂದು ಹೇಳಿಬಿಡಿ.”

ಗುರುಗಳು ಅವನ ಮುಖವನ್ನೇ ನೋಡಿದರು.

“ನಿನ್ನ ಹೆಂಡತಿ ಅದನ್ನು ತಿನ್ನಲು ಕೊಟ್ಟಳು; ನೀನು ಅದನ್ನು ತೀರ್ಪಿಗೆಂದು ನನ್ನವರೆಗೆ ಹೊತ್ತು ತಂದೆ.”