ಏಲಕ್ಕಿ ನೆಲಕ್ಕಿಳಿದದ್ದು

ಲೋಕ ಆಗಿನ್ನೂ ಹೊಸತು. ಬೆಟ್ಟದ ಮಣ್ಣು ಪೂರ್ತಿ ಗಟ್ಟಿಯಾಗಿರಲಿಲ್ಲ. ಆ ಕಾಲದಲ್ಲಿ ಏಲಕ್ಕಿ ಗಿಡ ತನ್ನ ಹೂವು ಕಾಯಿಗಳನ್ನೆಲ್ಲ ಆಳೆತ್ತರದಲ್ಲಿ, ನೆತ್ತಿಯ ಮೇಲೆ ಹೊತ್ತು ನಿಲ್ಲುತ್ತಿತ್ತು.

ಆ ಬೆಟ್ಟದಲ್ಲಿ ಒಂದು ಕಟ್ಟಳೆ. ಹಿರಿಯನಾದ ಐತಜ್ಜ ಮೊದಲ ಕಾಯಿ ಕಿತ್ತು ದೇವರ ಕಲ್ಲಿನ ಮುಂದೆ ಇಡುವ ತನಕ ಯಾರೂ ಗಿಡ ಮುಟ್ಟುವಂತಿಲ್ಲ. ದೇವರಿಗೆ ಏಲಕ್ಕಿ ಇಷ್ಟವೋ ಇಲ್ಲವೋ, ಯಾರೂ ಕೇಳಿ ನೋಡಿರಲಿಲ್ಲ.

ಆ ವರ್ಷ ಕಾಯಿ ಬಲಿತಾಗ ಐತಜ್ಜ ಜೇನು ಕೀಳಲು ಆಚೆ ಬೆಟ್ಟಕ್ಕೆ ಹೋಗಿದ್ದ. ಇತ್ತ ಬೊಳ್ಳವ್ವನ ಮಗಳು ನೀಲಿಗೆ ಜ್ವರ. ಕುಡಿದ ಗಂಜಿಯೆಲ್ಲ ವಾಂತಿ. ಏಲಕ್ಕಿ ಹಾಕಿ ಕುದಿಸಿದ ನೀರು ಮಾತ್ರ ಆ ಮಗುವಿನ ಹೊಟ್ಟೆಯಲ್ಲಿ ನಿಲ್ಲುತ್ತಿತ್ತು. ಮನೆಯಲ್ಲಿದ್ದ ಹಳೇ ಕಾಯಿ ಮುಗಿದಿತ್ತು.

ಬೊಳ್ಳವ್ವ ಗಿಡದ ಹತ್ತಿರ ಹೋದಳು. "ಎರಡೇ ಎರಡು ಕಾಯಿ ಕೊಡೇ ತಾಯಿ."

"ಅಜ್ಜ ಬರಲಿ, ಬೊಳ್ಳವ್ವಾ. ನಾಲ್ಕು ದಿನ ತಾಳು," ಎಂದಿತು ಗಿಡ.

ಅಲ್ಲೇ ಸುಳಿಯುತ್ತಿದ್ದ ಗಾಳಿ ಇದನ್ನು ಕೇಳಿ ಹತ್ತಿರ ಬಂತು. "ನಾನು ಅಲುಗಾಡಿಸಿ ಎರಡು ಉದುರಿಸಲೇನವ್ವಾ? ಯಾರಿಗೆ ಗೊತ್ತಾಗುತ್ತೆ?"

ಬೊಳ್ಳವ್ವ ಹೆದರಿದಳು. "ಬೇಡಪ್ಪಾ, ಬೇಡ. ದೇವರು ಮುನಿದರೆ ಮಗುವಿಗೇ ಕೆಟ್ಟದ್ದು," ಎಂದು ಬರಿಗೈಯಲ್ಲಿ ಮನೆಗೆ ಬಂದಳು.

ಮೂರನೆಯ ದಿನ ಅವಳು ನೀರಿಗೆ ಹೋದಾಗ ನೀಲಿ ತೆವಳಿಕೊಂಡು ಗಿಡದ ಬುಡಕ್ಕೆ ಬಂದಳು. "ಅಕ್ಕಾ, ಸ್ವಲ್ಪ ಬಗ್ಗು," ಎಂದಳು. ಗಿಡ ಬಗ್ಗಲಿಲ್ಲ. "ಅಕ್ಕಾ, ಒಂದೇ ಚೂರು," ಎಂದಳು. ಆಗಲೂ ಬಗ್ಗಲಿಲ್ಲ. ಮಗು ಕಾಂಡ ಹಿಡಿದು ಎದ್ದು ನಿಂತು ಕೈ ಚಾಚಿತು. ಎಟುಕಲಿಲ್ಲ.

ಬೊಳ್ಳವ್ವ ಹುಡುಕಿಕೊಂಡು ಬರುವಷ್ಟರಲ್ಲಿ ಮೈ ತಣ್ಣಗಾಗಿತ್ತು.

ಮಾರನೆಯ ದಿನ ಐತಜ್ಜ ಬಂದ. ಕಾಯಿ ಕಿತ್ತು ಕಲ್ಲಿನ ಮುಂದೆ ಇಟ್ಟ. ಕಲ್ಲು ಸುಮ್ಮನೆ ಕೂತಿತ್ತು.

ಬೊಳ್ಳವ್ವ ಮಗಳನ್ನು ಆ ಗಿಡದ ಬುಡದಲ್ಲೇ ಮಣ್ಣು ಮಾಡಿದಳು. "ನನ್ನನ್ನು ಬೈಯವ್ವಾ," ಎಂದು ಗಿಡ ಅತ್ತಿತು.

"ನಿನ್ನನ್ನೇನು ಬೈಯಲಿ? ಗಾಳಿಗೆ ಬೇಡ ಅಂದವಳು ನಾನೇ," ಎಂದಳು ಬೊಳ್ಳವ್ವ. ಆಮೇಲೆ ಅವಳು ಆ ಗಿಡದ ಕಡೆ ಬರಲೇ ಇಲ್ಲ.

ಮುಂದಿನ ಮಳೆಗೆ ಗಿಡದ ನೆತ್ತಿಯಲ್ಲಿ ಒಂದು ಹೂವೂ ಬಿಡಲಿಲ್ಲ. ಬುಡದಿಂದ ಒಂದು ತೆನೆ ಹೊರಟು, ಮಗು ಮಲಗಿದ್ದ ಮಣ್ಣಿನ ಮೇಲೆ ತಡಕಾಡುತ್ತ ಹರಿದು ಅಲ್ಲೇ ಹೂ ಬಿಟ್ಟಿತು.

ಅದಕ್ಕೇ ಪುಟ್ಟಾ, ಇವತ್ತಿಗೂ ಏಲಕ್ಕಿಯ ಎಲೆ ದೊಡ್ಡವರ ತಲೆಗಿಂತ ಮೇಲಿದ್ದರೂ ಕಾಯಿ ಮಾತ್ರ ನೆಲದಲ್ಲೇ ಇರುತ್ತದೆ, ತೆವಳುವ ಮಗುವಿನ ಕೈಗೂ ಎಟುಕುತ್ತದೆ.